ನಾಲ್ಕನೆಯ ಮೂಲೆ

ತಾಕ್ವಾರಿ
2 ಫೆಬ್ರವರಿ 1993

ಪ್ರೀತಿಯ ಅಕ್ಕ ನಿಮಿಯಾ,

ಹತ್ತಿ ಬಿಡಿಸಲು ಶುರುಮಾಡಿ ವಾರವಾಯಿತು. ದೆಲಿಯಾಳ ಬೆರಳುಗಳೆಲ್ಲ ಸೀಳಿಹೋಗಿವೆ. ಸಂಜೆಯಾದರೆ ಅವಳು ಹಂದಿಕೊಬ್ಬು ಹಚ್ಚಿಕೊಂಡು ಕೂರುತ್ತಾಳೆ, ಗಂಡನಾದ ತಪ್ಪಿಗೆ ಅಡುಗೆ ನನ್ನದು. ನಗಬೇಡ. ನನ್ನ ಕೈಯಲ್ಲಿ ಮರಗೆಣಸು ಬೆಂದಷ್ಟು ಹದವಾಗಿ ನಿನ್ನ ಕೈಯಲ್ಲಿ ಯಾವತ್ತೂ ಬೆಂದಿಲ್ಲ.

ಮುಖ್ಯ ವಿಷಯ ಬೇರೆ ಇದೆ. ದನದ ಎಸ್ಟೇಟಿನ ವಕೀಲರು ಬಂದಿದ್ದರು. ಅಪ್ಪ ಕಾಡು ಕಡಿದು ಇಪ್ಪತ್ತೆರಡು ವರ್ಷವಾದರೂ ಈ ನೆಲ ಕಾಗದದಲ್ಲಿ ಇನ್ನೂ ಎಸ್ಟೇಟಿನದೇ ಅನ್ನುವುದು ನಿನಗೆ ಗೊತ್ತಲ್ಲ. ಈಗ ಅವರೇ ಒಂದು ಒಪ್ಪಂದ ತಂದಿದ್ದಾರೆ. ನಲವತ್ತು ಮನೆಯವರೂ ಸಹಿ ಹಾಕಿದರೆ ಹೊಳೆಯ ಕಡೆಯ ಅರ್ಧ ನೆಲ ನಮ್ಮ ಹೆಸರಿಗೆ, ಹಕ್ಕುಪತ್ರದ ಸಮೇತ. ಮೇಲಿನ ಅರ್ಧ ಬಿಟ್ಟುಕೊಡಬೇಕು. ಏಪ್ರಿಲ್ 24, ಶನಿವಾರ ಕೊನೆಯ ದಿನ. ಆಮೇಲೆ ಕೋರ್ಟು, ಪೊಲೀಸು.

ನಮ್ಮ ಮನೆಯೂ ಅಮ್ಮ ನೆಟ್ಟ ಕಿತ್ತಳೆ ಮರವೂ ಹೊಳೆಯ ಕಡೆಗೇ ಬರುತ್ತವೆ. ಪಬ್ಲಾ ಅಜ್ಜಿಯ ಮನೆ ಮೇಲಿನ ಅರ್ಧಕ್ಕೆ ಹೋಗುತ್ತದೆ. ಆದರೂ ಆ ಮುದುಕಿಯೇ ಎಲ್ಲರಿಗಿಂತ ಮೊದಲು, “ಸಹಿ ಹಾಕ್ರೋ. ನಾನು ಸೆಫೆರಿನೊ ಜಗಲೀಲಿ ಬಿದ್ಕೋತೀನಿ, ನಂಗೆಷ್ಟು ಜಾಗ ಬೇಕು?” ಅಂದಳು. ಓದು ಬರಹ ಬರುತ್ತದೆ ಅಂತ ನನ್ನನ್ನು ಮುಂದೆ ದೂಡಿದ್ದಾರೆ. ನನಗೂ ಸಹಿ ಹಾಕುವುದೇ ಸರಿ ಅನ್ನಿಸುತ್ತದೆ. ನೀನು ಏನು ಹೇಳುತ್ತೀಯ?

ಕಂಡಕ್ಟರ್ ಅರ್ಸೆನಿಯೊನ ಕೈಯಲ್ಲಿ ಗಿಣ್ಣಿನ ಗಡ್ಡೆಯನ್ನೂ ಕಳಿಸಿದ್ದೇನೆ. ಮಳೆ ಬಂದು, ಮಣ್ಣಿನ ರಸ್ತೆ ಕೆಡುತ್ತದೆ ಅಂತ ಗೇಟು ಹಾಕಿ ಬಸ್ಸು ತಡೆಯದಿದ್ದರೆ ಶುಕ್ರವಾರ ನಿನಗೆ ಸಿಗುತ್ತದೆ.

ನಿನ್ನ ತಮ್ಮ,
ಸೆಫೆರಿನೊ


ಅಸುನ್ಸಿಯೋನ್
11 ಫೆಬ್ರವರಿ 1993

ಸೆಫೆ,

ಗಿಣ್ಣು ಸಿಕ್ಕಿತು. ಅರ್ಸೆನಿಯೊ ಒಂದು ಮೂಲೆ ಮುರಿದು ತಿಂದಿದ್ದಾನೆ. ಕೇಳಿದರೆ, “ಇಲಿ ಅಕ್ಕ, ಬಸ್ಸಲ್ಲಿ ಇಲಿ ಕಾಟ” ಅಂದ. ಇಲಿಯ ಮೀಸೆಯ ಮೇಲೆ ಇನ್ನೂ ಚೂರು ಅಂಟಿಕೊಂಡಿತ್ತು.

ಸಹಿ ಹಾಕು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ. ಹಕ್ಕುಪತ್ರ ಕಣ್ಣಿಗೂ ಕಾಣದೆ ಅಪ್ಪ ಸತ್ತ, ಅಮ್ಮ ಸತ್ತಳು. ನಿನಗಾದರೂ ಅದು ಸಿಗಲಿ.

ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ಒಂಬತ್ತು ವರ್ಷ ಗುಂಡಿ ಹೊಲಿದವಳಿಗೆ ನಮ್ಮ ಮೇಸ್ತ್ರಿ ಬೊಗಾರಿನ್ ಈಗ ಒಂದು ದೊಡ್ಡ ಕೆಲಸ ಒಪ್ಪಿಸಿದ್ದಾರೆ. ಎಲ್ಲರೆದುರು, “ಈ ಕೆಲ್ಸ ನಿಮಿಯಾ ಕೈಗೇ ಆಗೋದು, ಬೇರೆಯೋರಿಗೆ ಈ ಹದ ಗೊತ್ತಿಲ್ಲ” ಅಂದರು. ಯಾರ ಕೆಲಸ, ಏನು ಕೆಲಸ ಅಂತ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಕಾಕುಪೆಯ ಮೇರಿ ಮಾತೆಯ ಮೇಲೆ ಆಣೆ ಮಾಡಿಸಿಕೊಂಡಿದ್ದಾರೆ. ಹಾಗಾಗಿ ನಿನಗೂ ಹೇಳಲಾರೆ. ಹೆಮ್ಮೆಯಾಯಿತು ಅನ್ನುವುದನ್ನಂತೂ ಹೇಳಬಹುದು.

ಒಂದು ಸಣ್ಣ ಉಪಕಾರ ಮಾಡು. ಅರ್ಸೆನಿಯೊನ ಕೈಯಲ್ಲಿ ಒಂದು ಚೀಲ ನಮ್ಮ ಕೆಂಪು ಮಣ್ಣು ಕಳಿಸು. ಕಿಟಕಿಯ ಕುಂಡದಲ್ಲಿ ಹೂವಿನ ಗಿಡ ಹಾಕಬೇಕೆಂದಿದ್ದೇನೆ. ಇಲ್ಲಿಯ ಮಣ್ಣಿಗೆ ಬಣ್ಣವೇ ಇಲ್ಲ.

ದೆಲಿಯಾಳ ಬೆರಳುಗಳಿಗೆ ಮುಲಾಮು ಇಟ್ಟಿದ್ದೇನೆ. ಹಂದಿಕೊಬ್ಬನ್ನು ಬಾಣಲೆಗೆ ಬಿಡಿ.

ಅಕ್ಕ


ತಾಕ್ವಾರಿ
16 ಮಾರ್ಚ್ 1993

ಪ್ರೀತಿಯ ಅಕ್ಕ,

ಮಣ್ಣು ತಲುಪಿತಾ? ಕಿತ್ತಳೆ ಮರದ ಬುಡದಿಂದಲೇ ಅಗೆದು ಕಳಿಸಿದ್ದೆ. ಆ ಮಣ್ಣಿನಲ್ಲಿ ಕಲ್ಲು ನೆಟ್ಟರೂ ಚಿಗುರುತ್ತದೆ.

ಈಗ ಕೂತುಕೋ, ನಿಂತು ಓದುವಂಥದ್ದಲ್ಲ ಇದು. ಭಾನುವಾರ ದೋನ್ ವಿಲ್ಫ್ರಿದೊ ರೆಕಾಲ್ದೆ ನಮ್ಮಲ್ಲಿಗೆ ಬಂದಿದ್ದರು. ಮೇ ತಿಂಗಳ ಚುನಾವಣೆಯಲ್ಲಿ ನಮ್ಮ ಪ್ರಾಂತ್ಯದ ಗವರ್ನರ್ ಸ್ಥಾನಕ್ಕೆ ನಿಂತವರು. ನಾನು ಬೈಯಲು ಸಿದ್ಧನಾಗಿಯೇ ಹೋಗಿದ್ದೆ. ಇದುವರೆಗೆ ಬಂದವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೋದವರೇ ತಾನೆ. ಈ ಮನುಷ್ಯ ಒಂದು ಹಳೆಯ ಲಾರಿಯಲ್ಲಿ ಬಂದಿಳಿದರು. ಕಾಲರ್ ಸವೆದ ಅಂಗಿ, ಒಂದು ಗುಂಡಿ ಬೇರೆ ಬಣ್ಣದ್ದು, ತೋಳಿನ ಅಂಚಿಗೆ ನಮ್ಮ ಕೆಂಪು ಮಣ್ಣು. ನಮ್ಮ ಗ್ವಾರಾನಿ ಭಾಷೆಯಲ್ಲೇ ಮಾತಾಡಿದರು. ಪಬ್ಲಾ ಅಜ್ಜಿ ಕುಡಿದ ಕೊಂಬಿನ ಲೋಟದಲ್ಲೇ ನಮ್ಮ ತಣ್ಣನೆಯ ಸೊಪ್ಪಿನ ನೀರು ತೆರೆರೆ ಕುಡಿದರು, ಹೀರುವ ನಳಿಗೆಯನ್ನು ಒರೆಸಲೂ ಇಲ್ಲ.

ಅದೂ ಇರಲಿ. ನನ್ನನ್ನು ಅಪ್ಪಿಕೊಂಡಾಗ ಅವರ ಬಲಗೈ ನನ್ನ ಮೂಗಿನ ಹತ್ತಿರವೇ ಬಂತು. ಮೊಣಕೈ ಮೇಲೆ ನೀಲಿ ತೇಪೆ. ಅಕ್ಕ, ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಬಿಟ್ಟಿದ್ದರು.

ತಾಕ್ವಾರಿಯಲ್ಲಿ ಅಮ್ಮ ಒಬ್ಬಳೇ ಹಾಗೆ ಹೊಲಿಯುತ್ತಿದ್ದಳು. “ಮೈಯೊಳಗಿನ ಕೆಟ್ಟದ್ದು ಹೊರಗೆ ಹೋಗೋಕೆ ಒಂದು ಬಾಗಿಲು ಬೇಕಲ್ವೇನೋ, ನಮ್ಮ ತವರಲ್ಲಿ ಎಲ್ರೂ ಹೀಗೇ” ಅನ್ನುತ್ತಿದ್ದಳಲ್ಲ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ, “ಇದು ಅಮ್ಮನ ಕೈಯ ತೇಪೆಯಾ ದೋನ್?” ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. “ಹೌದಪ್ಪಾ, ಅಮ್ಮಂದೇ ಕೈ. ಇನ್ಯಾರು ಹಾಕ್ತಾರೆ?” ಅಂದರು. ಅವರ ತಾಯಿಯೂ ಅಮ್ಮನ ತವರಿನ ಕಡೆಯವರೇ ಇರಬೇಕು. ಆ ನೀಲಿ ಕೂಡ ಅಮ್ಮನ ಹಬ್ಬದ ಲಂಗದ ನೀಲಿಯ ಹಾಗೇ ಇತ್ತು.

ಹೋಗುವ ಮೊದಲು ಅವರು ಹೇಳಿದ್ದು: “ಸಹಿ ಹಾಕ್ಬೇಡಿ. ಅರ್ಧ ಯಾಕ್ರೋ ತಗೋತೀರ, ಪೂರ್ತಿ ನಿಮ್ದೇ ಆಗಿರೋವಾಗ? ನಾನು ಗೆದ್ದ ತಿಂಗಳೊಳಗೆ ನಲವತ್ತು ಹಕ್ಕುಪತ್ರ ನಾನೇ ತಂದುಕೊಡ್ತೀನಿ.” ಅಂಥ ತೇಪೆ ಹಾಕಿಕೊಂಡು ಓಡಾಡುವ ಮನುಷ್ಯನ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಸೆಫೆರಿನೊ


ಅಸುನ್ಸಿಯೋನ್
27 ಮಾರ್ಚ್ 1993

ಸೆಫೆ,

ನಿನ್ನ ಪತ್ರ ಓದಿದೆ. ಮೊದಲ ಸಲ ಗಂಡು ನೋಡಿದ ಹುಡುಗಿಯ ಹಾಗೆ ಬರೆದಿದ್ದೀಯ. ಒಬ್ಬ ರಾಜಕಾರಣಿಯ ಮೊಣಕೈ ನೋಡಿ ಅಪ್ಪನ ಬೆವರನ್ನು ಪಣಕ್ಕಿಡುತ್ತಾರಾ?

ಆ ಮನುಷ್ಯನನ್ನು ಇಲ್ಲಿ ಒಂದು ಸಲ ದೂರದಿಂದ ನೋಡಿದ್ದೇನೆ. ಎಲ್ಲರ ಹಾಗೇ ಇದ್ದಾನೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಅರ್ಧ ನೆಲ ತೆಗೆದುಕೊಂಡು ಸಹಿ ಹಾಕಿ.

ಮಣ್ಣು ತಲುಪಿದೆ. ಚೆನ್ನಾಗಿದೆ.

ಕೆಲಸ ಇದೆ, ಹೆಚ್ಚು ಬರೆಯಲಾರೆ.

ಅಕ್ಕ


ತಾಕ್ವಾರಿ
7 ಏಪ್ರಿಲ್ 1993, ಪವಿತ್ರ ಬುಧವಾರ

ಅಕ್ಕ,

ದೆಲಿಯಾ ಹಬ್ಬದ ಚಿಪಾ ರೊಟ್ಟಿ ಸುಟ್ಟಿದ್ದಾಳೆ, ಹನ್ನೆರಡು ಕಟ್ಟಿ ಕಳಿಸಿದ್ದೇನೆ. ಇಲಿಗೂ ಒಂದು ಕೊಟ್ಟಿದ್ದೇನೆ, ಇನ್ನು ನಿನ್ನದಕ್ಕೆ ಬಾಯಿ ಹಾಕುವುದಿಲ್ಲ.

ನಿನ್ನ ಪತ್ರ ಓದಿ ನನಗೆ ಬೇಜಾರಾಯಿತು. ಮುಚ್ಚಿಟ್ಟು ಏನು ಪ್ರಯೋಜನ. ಅಮ್ಮನಂಥದೇ ತೇಪೆ ಕಂಡೆ ಅಂತ ಬರೆದರೆ ಅದರ ಬಗ್ಗೆ ನೀನು ಒಂದು ಸಾಲೂ ಬರೆಯಲಿಲ್ಲ. ‘ಹೌದಾ ಸೆಫೆ’ ಅಂತ ಕೂಡ ಇಲ್ಲ. ಒಂಬತ್ತು ವರ್ಷ ದೊಡ್ಡವರ ಅಳತೆ ತೆಗೆದು ತೆಗೆದು ನಿನಗೆ ಬಡವನ ಅಂಗಿ ಹಾಕಿದವನೆಂದರೆ ಸಸಾರವಾಗಿದೆ. ನಿಮ್ಮ ಅಂಗಡಿಗೆ ಬರುವವರು ಅಂಥ ಅಂಗಿಯನ್ನು ನೆಲ ಒರೆಸಲೂ ಇಟ್ಟುಕೊಳ್ಳುವುದಿಲ್ಲ.

ಆ ಅಂಗಿಯನ್ನು ನಾನು ಮೂರು ಸಲ ನೋಡಿದೆ. ನಮ್ಮಲ್ಲಿ, ಸಂತೆಯಲ್ಲಿ, ಮತ್ತೆ ಪತ್ರಿಕೆಯ ಚಿತ್ರದಲ್ಲಿ. ಅದೇ ಅಂಗಿ, ಅದೇ ತೇಪೆ. ಆ ಮನುಷ್ಯನಿಗೆ ಇನ್ನೊಂದು ಅಂಗಿ ಇಲ್ಲ. ಚಿತ್ರ ಕತ್ತರಿಸಿ ಅಮ್ಮನ ಪಟದ ಪಕ್ಕ ಅಂಟಿಸಿದ್ದೇನೆ.

ನಲವತ್ತರಲ್ಲಿ ಮೂವತ್ತು ಮನೆ ಈಗ ನನ್ನ ಮಾತಿಗೆ ಬಂದಿವೆ. ಉಳಿದವರು ಪಬ್ಲಾ ಅಜ್ಜಿಯ ಕಡೆ. 24ರಂದು ಸಭೆ. ಅದಕ್ಕೆ ಮೊದಲು ಅಮ್ಮನ ಆ ನೀಲಿ ಲಂಗ ನನಗೆ ಕಳಿಸು. ಹಳಬರಿಗೆಲ್ಲ ಅದರ ನೆನಪಿದೆ. ಸಭೆಯಲ್ಲಿ ಲಂಗವನ್ನೂ ಆ ಚಿತ್ರವನ್ನೂ ಪಕ್ಕಪಕ್ಕ ಹಿಡಿದು ತೋರಿಸುತ್ತೇನೆ. ಇವರು ನಮ್ಮವರು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸೆಫೆರಿನೊ


ಅಸುನ್ಸಿಯೋನ್
18 ಏಪ್ರಿಲ್ 1993

ಸೆಫೆ, ನನ್ನಪ್ಪಾ,

ಲಂಗ ಇಲ್ಲ. ಅದನ್ನು ನಾನು ಕತ್ತರಿಸಿದ್ದೇನೆ.

ಆಣೆ ಮುರಿಯುತ್ತಿದ್ದೇನೆ, ಮಾತೆ ಏನು ಬೇಕಾದರೂ ಮಾಡಲಿ. ಜನವರಿಯಲ್ಲಿ ರೆಕಾಲ್ದೆ ನಮ್ಮ ಅಂಗಡಿಗೆ ಬಂದ. ಜೊತೆಗೆ ಜಾಹೀರಾತು ಬರೆಯುವವನೊಬ್ಬ. ಸಮುದ್ರದಾಚೆಯಿಂದ ತರಿಸಿದ ಲಿನನ್ ಬಟ್ಟೆಯಲ್ಲಿ ಹನ್ನೆರಡು ಅಂಗಿ ಹೊಲಿಸಿದರು. ಒಂದೊಂದಕ್ಕೆ ನಿನ್ನ ಎರಡು ಹಸುವಿನ ಬೆಲೆ. ಅವನ ಮೈಗೆ ಒರಟು ಬಟ್ಟೆ ಆಗುವುದಿಲ್ಲವಂತೆ, ಕೆರೆತ ಬರುತ್ತದೆ. ಹೊಲಿದು ಮುಗಿದ ಮೇಲೆ ಜಾಹೀರಾತಿನವನು, “ಈಗ ಇವನ್ನೆಲ್ಲ ಐದು ವರ್ಷ ಹಳೇದು ಮಾಡಿ. ಹನ್ನೆರಡೂ ಒಂದೇ ಥರ ಕಾಣ್ಬೇಕು. ದಿನಾ ಒಗೆದದ್ದು ಹಾಕ್ಕೋಬೇಕು, ಜನಕ್ಕೆ ಮಾತ್ರ ಒಂದೇ ಅಂಗಿ ಅನ್ನಿಸ್ಬೇಕು” ಅಂದ.

ಆ ಕೆಲಸ ನನ್ನದು. ಕಾಲರನ್ನು ಇಟ್ಟಿಗೆ ಚೂರಿನಿಂದ ಉಜ್ಜಿದೆ. ಬೂದಿನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿದೆ. ಹನ್ನೆರಡಕ್ಕೂ ಒಂದೊಂದು ಬೇರೆ ಬಣ್ಣದ ಗುಂಡಿ ಹಚ್ಚಿದೆ. ತೋಳಿನ ಅಂಚಿಗೆ ಆ ಪ್ರಾಂತ್ಯದ ಮಣ್ಣಿನ ಕಲೆಯೇ ಬೇಕು ಅಂದರು. ನೀನು ಕಳಿಸಿದ ಮಣ್ಣು ಕುಂಡಕ್ಕಲ್ಲ.

ತೇಪೆಗೆ ಹೊಸ ಬಟ್ಟೆ ಹಾಕಿ ನೋಡಿದೆವು, ಎಷ್ಟು ಒಗೆದರೂ ಸುಳ್ಳು ಎದ್ದು ಕಾಣುತ್ತಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡು, “ನಿಜವಾಗ್ಲೂ ಹಳೇದಾದ ಬಟ್ಟೆ ಬೇಕಲ್ಲಮ್ಮ” ಅಂದರು. ನಾನು ಮನೆಗೆ ಹೋಗಿ ಪೆಟ್ಟಿಗೆ ತೆಗೆದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈಯನ್ನು ಹೊಗಳಿದ್ದರು, ಆ ಹೊಗಳಿಕೆಗೆ ಅಮ್ಮನ ಲಂಗ ಕೊಟ್ಟೆ. ನಾಲ್ಕನೆಯ ಮೂಲೆಯನ್ನು ಬೇಕೆಂದು ಬಿಡಲಿಲ್ಲ ಸೆಫೆ. ಕೈ ತಾನಾಗಿ ನಿಂತುಬಿಟ್ಟಿತು, ಹನ್ನೆರಡು ಸಲವೂ. ಜಾಹೀರಾತಿನವನು ನೋಡಿ, “ಇದೇ, ಇದೇ ಬೇಕಾಗಿದ್ದು” ಅಂದ.

ಅವನ ತಾಯಿ ಅಮ್ಮನ ತವರಿನವಳಲ್ಲ. ಆ ತೇಪೆಯ ಹಿಂದೆ ಇರುವವಳು ನಾನು. ನಿನ್ನ ಮಾರ್ಚ್ ತಿಂಗಳ ಪತ್ರ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಕೆಲಸ ಹೋಗುತ್ತದೆ ಅಂತ ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಸತ್ತ ಮೇಲೆ ನೀನು ಅಷ್ಟು ಖುಷಿಯಾಗಿ ಬರೆದ ಮೊದಲ ಪತ್ರ ಅದು, ಅದಕ್ಕೆ ಮಣ್ಣು ಹಾಕಲು ನನಗೆ ಮನಸ್ಸು ಬರಲಿಲ್ಲ.

ಈ ಪತ್ರವನ್ನು ಸಭೆಯಲ್ಲಿ ಓದು. ಎಲ್ಲರಿಗೂ ಹೇಳು. ನನ್ನ ಹೆಸರು ಹೇಳು. ಶನಿವಾರ ಸಹಿ ಹಾಕಿ.

ನಿನ್ನ ಅಕ್ಕ


ತಾಕ್ವಾರಿ
26 ಏಪ್ರಿಲ್ 1993

ಅಕ್ಕ,

ಸಭೆ ಆಯಿತು. ಯಾರೂ ಸಹಿ ಹಾಕಲಿಲ್ಲ.

ಎಲ್ಲರೂ ನಮ್ಮ ಕಿತ್ತಳೆ ಮರದ ಕೆಳಗೇ ಕೂತಿದ್ದರು. ವಕೀಲರು ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದು, ಮಡಚಿಕೊಂಡು ಹೋದರು. ನಾನು ಹೆಚ್ಚು ಮಾತಾಡಲಿಲ್ಲ. ಮೊದಲೇ ಎಲ್ಲ ಆಡಿಯಾಗಿತ್ತಲ್ಲ. ಪಬ್ಲಾ ಅಜ್ಜಿ ಕೊನೆಯವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. “ಯಾಕೋ ಸೆಫೆ, ನೆಲ ನೋಡ್ಕೊಂಡು ಮಾತಾಡ್ತಿದೀಯ? ಏನಾದ್ರೂ ಬಿದ್ದೋಗಿದ್ಯಾ?” ಅಂತ ಕೇಳಿದಳು. ಎಲ್ಲರೂ ನಕ್ಕರು. ಆಮೇಲೆ ಅವಳೂ ನಮ್ಮ ಕಡೆಗೇ ಬಂದಳು. ಒಬ್ಬಳೇ ಬೇರೆ ನಿಲ್ಲುವುದು ಸರಿಯಲ್ಲ ಅಂದಳು.

ಹೋದ ವಾರ ಶುಕ್ರವಾರದವರೆಗೂ ಇಲ್ಲಿ ಬಿಡದೆ ಮಳೆ. ರಸ್ತೆಗೆ ಗೇಟು ಬಿದ್ದಿತ್ತು.

ಚಿಪಾ ಹೇಗಿತ್ತು ಅಂತ ದೆಲಿಯಾ ಕೇಳುತ್ತಿದ್ದಾಳೆ.

ಸೆಫೆರಿನೊ


ಅಸುನ್ಸಿಯೋನ್
20 ಮೇ 1993

ಸೆಫೆ,

ನಿನ್ನ ಪತ್ರ ಓದಿ ನನಗೆ ತಿಳಿಯಿತು. ನಾನು ಏಪ್ರಿಲ್ 18ರಂದು ಬರೆದದ್ದು ನಿನಗೆ ಸಿಕ್ಕಿಲ್ಲ. ಗೇಟಿನ ಹತ್ತಿರ ಎಲ್ಲೋ ಬಸ್ಸಿನೊಳಗೆ ನೆನೆಯುತ್ತ ಬಿದ್ದಿರಬೇಕು. ಅರ್ಸೆನಿಯೊನನ್ನು ಕೇಳಿದರೆ, “ಕೊಟ್ಟ ನೆನಪು ಅಕ್ಕ, ಆದ್ರೆ ಆ ವಾರ ಮಳೇಲಿ ನಂಗೆ ನನ್ನ ಹೆಸರೇ ನೆನಪಿರ್ಲಿಲ್ಲ” ಅನ್ನುತ್ತಾನೆ.

ಇನ್ನು ಮುಂದೆ ಅದು ಸಿಕ್ಕಿದರೆ ಓದಬೇಡ. ಒಲೆಗೆ ಹಾಕು. ಆಗಿದ್ದು ಆಗಿಹೋಯಿತು. ರೆಕಾಲ್ದೆ ಗೆದ್ದಿದ್ದಾನೆ. ನಿಮ್ಮ ಕಡೆಯ ಹಳ್ಳಿಗಳಲ್ಲೆಲ್ಲ ಅವನಿಗೇ ಮತ ಬಿದ್ದಿದೆ ಅಂತ ರೇಡಿಯೋದಲ್ಲಿ ಹೇಳಿದರು. ಆಡಿದ ಮಾತು ಉಳಿಸಿಕೊಳ್ಳಲಿ ಅಂತ ಪ್ರತಿ ಭಾನುವಾರ ಮೊಂಬತ್ತಿ ಹಚ್ಚುತ್ತಿದ್ದೇನೆ. ಗೆದ್ದ ಮೇಲೆ ಒಳ್ಳೆಯವರಾದವರೂ ಇರಬಹುದು. ನೀನು ನಂಬಿದ್ದೀಯಲ್ಲ, ನಾನೂ ನಂಬುವುದಕ್ಕೆ ಪ್ರಯತ್ನ ಮಾಡುತ್ತಿದ್ದೇನೆ.

ಲಂಗವನ್ನು ಆಮೇಲೆ ಯಾವಾಗಲಾದರೂ ಕಳಿಸುತ್ತೇನೆ. ಈಗ ಹುಡುಕಲು ಪುರುಸೊತ್ತಿಲ್ಲ.

ಚಿಪಾ ಚೆನ್ನಾಗಿತ್ತು. ಸೋಂಪು ಸ್ವಲ್ಪ ಹೆಚ್ಚಾಗಿತ್ತು ಅಂತ ದೆಲಿಯಾಗೆ ಹೇಳಬೇಡ.

ಅಕ್ಕ


ಅಸುನ್ಸಿಯೋನ್
4 ಸೆಪ್ಟೆಂಬರ್ 1993

ಸೆಫೆ,

ತಾಕ್ವಾರಿಗೆ ಪೊಲೀಸರು ನುಗ್ಗಿದ್ದಾರೆ, ಮನೆಗಳಿಗೆ ಬೆಂಕಿ ಹಾಕಿದ್ದಾರೆ ಅಂತ ರೇಡಿಯೋದಲ್ಲಿ ಬಂತು. ಜೂನ್‌ನಿಂದ ನಿನ್ನ ಒಂದು ಅಕ್ಷರವೂ ಇಲ್ಲ. ನೀನು ಎಲ್ಲಿದ್ದೀಯ? ದೆಲಿಯಾ ಎಲ್ಲಿ? ಈ ಕಾಗದದ ಹಿಂದೆಯೇ ಎರಡು ಸಾಲು ಗೀಚಿ ಅರ್ಸೆನಿಯೊನ ಕೈಗೆ ಕೊಡು.

ಅಕ್ಕ


ಅಸುನ್ಸಿಯೋನ್
11 ಸೆಪ್ಟೆಂಬರ್ 1993

ಸೆಫೆ,

ನೀವೆಲ್ಲ ದೊಡ್ಡ ರಸ್ತೆಯ ಬದಿಯಲ್ಲಿ ಗುಡಾರ ಹಾಕಿದ್ದೀರಿ ಅಂತ ಅರ್ಸೆನಿಯೊ ಹೇಳಿದ. ನಿನ್ನನ್ನು ಕಂಡನಂತೆ, ನೀನು ಮಾತಾಡಲಿಲ್ಲವಂತೆ. ನನ್ನ ಮೇಲಿನ ಸಿಟ್ಟಾದರೆ ಬೈದು ಬರೆ. ಸಿಟ್ಟಾಗುವಂಥದ್ದು ಇದ್ದ ಪತ್ರ ನಿನ್ನ ಕೈಗೆ ಬರಲೇ ಇಲ್ಲ, ಅದೂ ನನಗೆ ಗೊತ್ತು. ಹಣ್ಣು, ಕಂಬಳಿ, ನಾಲ್ಕು ಸಾಬೂನು ಕಳಿಸಿದ್ದೇನೆ. ಇಲ್ಲಿಗೆ ಬಂದುಬಿಡಿ, ಒಂದು ಕೋಣೆಯಲ್ಲಿ ಮೂವರು ಇರಬಹುದು.

ಅಕ್ಕ


ರಸ್ತೆ ಬದಿ, ಕಿಲೋಮೀಟರ್ 214
19 ಸೆಪ್ಟೆಂಬರ್ 1993

ಅಕ್ಕ,

ಕಂಬಳಿ ಸಿಕ್ಕಿತು. ಪಬ್ಲಾ ಅಜ್ಜಿಗೆ ಹೊದಿಸಿದೆವು, ಆದರೆ ತಡವಾಗಿತ್ತು. ಸೋಮವಾರ ತೀರಿಕೊಂಡಳು. ದಕ್ಷಿಣದ ಚಳಿಗಾಳಿ ಇನ್ನೂ ನಿಂತಿಲ್ಲ, ಇಲ್ಲಿರುವುದು ಕಪ್ಪು ಪ್ಲಾಸ್ಟಿಕ್ ಹಾಳೆ ಒಂದೇ. ಕೆಮ್ಮುತ್ತಲೇ, “ನಿನ್ ಜಗಲೀಲಿ ಬಿದ್ಕೋತೀನಿ ಅಂದಿದ್ನಲ್ಲೋ, ಜಗಲಿ ಎಲ್ಲೋ?” ಅಂತ ನನ್ನನ್ನು ಕಾಡಿಸುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ.

ಕಿತ್ತಳೆ ಮರವನ್ನು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಕಿತ್ತರು. ಮನೆ ಬೇಗ ಉರಿಯಿತು. ದೆಲಿಯಾ ಅಮ್ಮನ ಪಟ ಎತ್ತಿಕೊಂಡು ಬಂದಳು. ಪಕ್ಕದ ಚಿತ್ರವನ್ನು ಬಿಟ್ಟುಬಂದಳು.

ಕೋರ್ಟಿನ ನೋಟಿಸು ಬಂದಾಗ ನಾನು ಗವರ್ನರ್ ಕಚೇರಿಗೆ ಹೋಗಿ ಎರಡು ದಿನ ನಿಂತೆ. ಎರಡನೆಯ ದಿನ ರೆಕಾಲ್ದೆ ಬೂದು ಬಣ್ಣದ ಸೂಟು ಹಾಕಿಕೊಂಡು ಕಾರಿನ ಕಡೆ ಹೊರಟ. ನಾನು ಅಡ್ಡ ನಿಂತು, “ಅಮ್ಮ ಆರಾಮಾ ದೋನ್ ವಿಲ್ಫ್ರಿದೊ?” ಅಂದೆ. ಅವನು ಪಕ್ಕದವನ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ, “ಯಾರಮ್ಮ? ಯಾರು ಈತ?” ಅಂದ. ನಾನು ಅವನ ಮೊಣಕೈ ನೋಡಿದೆ. ಒಳ್ಳೆಯ ಹೊಲಿಗೆ. ನಿನ್ನದೇ ಇರಬೇಕು.

ನಿನಗೆ ಒಂದು ವಿಷಯ ಹೇಳಬೇಕು. ಇಷ್ಟು ತಿಂಗಳು ಅದಕ್ಕೇ ಬರೆಯಲಿಲ್ಲ. ಮಳೆಯದೇನೂ ತಪ್ಪಿಲ್ಲ, ಅರ್ಸೆನಿಯೊನದೂ ಇಲ್ಲ. ಗೇಟು ಬಿದ್ದಾಗ ಅವನು ಬಸ್ಸು ಬಿಟ್ಟು, ನಿನ್ನ ಪತ್ರವನ್ನು ಅಂಗಿಯೊಳಗೆ ಇಟ್ಟುಕೊಂಡು ಕೆಸರಿನಲ್ಲಿ ಹನ್ನೊಂದು ಕಿಲೋಮೀಟರ್ ನಡೆದು ಬಂದು ಕೊಟ್ಟ. ಗುರುವಾರ ಸಂಜೆ. ಸಭೆ ಶನಿವಾರ. ಯಾರಿಗೂ ಹೇಳಬೇಡ ಅಂತ ಅವನ ಕೈಹಿಡಿದು ಕೇಳಿಕೊಂಡವನು ನಾನು. ಮಳೆ, ಗೇಟು ಅಂತ ಬರೆದದ್ದು ಸುಳ್ಳಲ್ಲ. ಉಳಿದದ್ದನ್ನು ಬರೆಯಲಿಲ್ಲ.

ಪತ್ರವನ್ನು ಎಂಟು ಹತ್ತು ಸಲ ಓದಿದೆ. ಪೂರ್ತಿ ನಂಬಿದೆ. ನಿನ್ನ ಕೈ ತಾನಾಗಿ ನಿಂತಿತು ಅನ್ನುವ ಸಾಲನ್ನು ಓದಿ ಅತ್ತುಬಿಟ್ಟೆ. ಶನಿವಾರ ಜೇಬಿನಲ್ಲಿ ಇಟ್ಟುಕೊಂಡೇ ಸಭೆಗೆ ಹೋದೆ. ಎದ್ದು ನಿಂತಾಗ ನಲವತ್ತು ಮನೆಯವರೂ ನನ್ನನ್ನೇ ನೋಡುತ್ತಿದ್ದರು. ಓದಿದರೆ ಅವರ ಕಣ್ಣಿಗೆ ಮಣ್ಣೆರಚಿದವಳು ಈ ಸೆಫೆರಿನೊನ ಸ್ವಂತ ಅಕ್ಕ ಅಂತ ಆಗುತ್ತಿತ್ತು. ಆ ತೇಪೆ ಅಮ್ಮನ ಲಂಗ ಅಂತ ಆಗುತ್ತಿತ್ತು. ಅಮ್ಮನ ಹೆಸರನ್ನು ಆ ಜನರ ಬಾಯಿಗೆ ಹಾಕಲು ನನಗೆ ಆಗಲಿಲ್ಲ. ನಾನು ಪೆದ್ದ ಅಂತ ಒಪ್ಪಿಕೊಳ್ಳಲೂ ಆಗಲಿಲ್ಲ, ಅದನ್ನೂ ಸೇರಿಸು. ಒಂದು ವೇಳೆ ಅವನು ಮಾತು ಉಳಿಸಿಕೊಂಡರೆ ಯಾರಿಗೂ ಏನೂ ಗೊತ್ತಾಗದೆ ಮುಗಿದುಹೋಗುತ್ತದೆ ಅಂತ ಲೆಕ್ಕ ಹಾಕಿದೆ. ಜೇಬಿನಿಂದ ಕೈ ತೆಗೆದೆ, ಬರಿಗೈ.

ನೀನು ಹೇಳಿದೆ, ಸೆಫೆ. ನಾನು ಕೇಳಿಸಿಕೊಂಡೆ. ಆದ್ದರಿಂದ ಇನ್ನು ಮೊಂಬತ್ತಿ ಹಚ್ಚುವುದಾದರೆ ನನಗೆ ಹಚ್ಚು. ನೀನು ಹೊತ್ತುಕೊಳ್ಳಬೇಡ.

ನಾವು ಅಲ್ಲಿಗೆ ಬರುವುದಿಲ್ಲ. ಇವರನ್ನು ರಸ್ತೆಗೆ ತಂದವನು ನಾನು, ಇವರು ಏಳುವವರೆಗೆ ನಾನೂ ಇಲ್ಲೇ.

ಇದರ ಜೊತೆ ನನ್ನ ಕೋಟು ಕಳಿಸಿದ್ದೇನೆ. ಬೆಂಕಿ ಆರಿಸಲು ಹೋಗಿ ಬಲಗಡೆಯ ಮೊಣಕೈ ಸುಟ್ಟಿದೆ. ಅಮ್ಮನ ಲಂಗದ ಚೂರು ಏನಾದರೂ ಉಳಿದಿದ್ದರೆ ಅದನ್ನೇ ಹಾಕು. ನಾಲ್ಕೂ ಮೂಲೆ ಹೊಲಿ. ಇಲ್ಲಿ ಗಾಳಿ ಬಹಳ, ಬಾಗಿಲು ಇಟ್ಟುಕೊಳ್ಳುವ ಹಾಗಿಲ್ಲ.

ತಮ್ಮ,
ಸೆಫೆರಿನೊ


ಅಸುನ್ಸಿಯೋನ್
2 ಅಕ್ಟೋಬರ್ 1993

ಸೆಫೆ,

‘ನೀನು ಹೇಳಿದೆ, ಸೆಫೆ’ ಅಂತ ನನಗೆ ಬರೆದ ಪತ್ರದಲ್ಲಿ ನಿನ್ನನ್ನೇ ಕರೆದುಕೊಂಡಿದ್ದೀಯ. ಎಷ್ಟು ದಿನದಿಂದ ನಿದ್ದೆ ಮಾಡಿಲ್ಲವೋ ಏನೋ.

ಬೂದು ಸೂಟು ನನ್ನದೇ. ಅವನು ಗೆದ್ದ ವಾರ ಆ ಹನ್ನೆರಡು ಅಂಗಿಗಳನ್ನೂ ಒಂದು ಗೋಣಿಚೀಲದಲ್ಲಿ ಅಂಗಡಿಗೆ ವಾಪಸು ಕಳಿಸಿದ. ಇನ್ನು ಬೇಡ, ಸುಟ್ಟುಬಿಡಿ ಅಂದನಂತೆ. ಸುಡುವ ಮೊದಲು ಹನ್ನೆರಡು ತೇಪೆಗಳನ್ನೂ ನಾನು ಬಿಚ್ಚಿಟ್ಟುಕೊಂಡಿದ್ದೆ. ನಿನಗೆ ಹೇಳಿರಲಿಲ್ಲ. ಕಳೆದ ವಾರ ಅಂಗಡಿ ಬಿಟ್ಟೆ. ಮೇಸ್ತ್ರಿ, “ಹೊಟ್ಟೆಗೇನ್ ಮಾಡ್ತೀಯಮ್ಮ?” ಅಂದರು. ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತೇನೆ, ಅವು ತಾವಾಗಿ ಹಳೆಯವಾಗುತ್ತವೆ ಅಂದೆ.

ಉಳಿದ ಮಣ್ಣನ್ನು ಕುಂಡಕ್ಕೆ ಹಾಕಿದ್ದೇನೆ. ಇನ್ನೂ ಏನೂ ನೆಟ್ಟಿಲ್ಲ.

ಕೋಟಿನ ಮೊಣಕೈಗೆ ಅಮ್ಮನ ನೀಲಿಯನ್ನೇ ಹಾಕಿದ್ದೇನೆ. ಮೂರು ಮೂಲೆ ಹೊಲಿದೆ. ನಾಲ್ಕನೆಯದಕ್ಕೆ ನಿನ್ನೆ ಸಂಜೆಯಿಂದ ಸೂಜಿ ಹಿಡಿದು ಕೂತೆ, ಆಗಲಿಲ್ಲ. ಅದೇ ದಾರ ಪೋಣಿಸಿ ಸೂಜಿಯನ್ನು ಎಡಗಡೆಯ ಜೇಬಿನಲ್ಲಿ ಚುಚ್ಚಿಟ್ಟಿದ್ದೇನೆ. ಕೈ ಹಾಕುವಾಗ ಜೋಪಾನ. ಆ ಮೂಲೆಯನ್ನು ನೀನೇ ಹೊಲಿದುಕೋ.

ಅಕ್ಕ